ಹಾಗಿನೊಜೊನ ಸಾವಿನ ಚಿತ್ರ

ನಾನು ಸುಳ್ಳುಗಾರ ಅಂತ ಒಸಾಕಾಕ್ಕೆಲ್ಲ ಗೊತ್ತು. ಇದೊಂದನ್ನ ಮಾತ್ರ ನಂಬಿ.

ನನ್ನ ಸೋದರಮಾವನ ಮಗ ಕಿಸಾಬುರೊ ಕಬುಕಿ ನಟರ ಚಿತ್ರ ಬರೆಯೋನು. ಬರೀ ಮಸಿ, ಒಂದು ಕುಂಚ. ಆವತ್ತು ನಾಟಕ ನೋಡ್ಕೊಂಡು, ಕಾಲುವೆ ದಾಟಿ, ಓಣಿ ಬಾಯಲ್ಲಿರೋ ಬಾವಿ ಹತ್ರ ಬರ್ತಿದ್ವಿ. ಕುಡಿದ ಸಾಕೆ ಹೆಂಡ ಸ್ವಲ್ಪ ಹೆಚ್ಚಾಗಿತ್ತು. ನನಗೆ ನಾಲಿಗೆ ತುರಿಸಿತು.

"ಹಾಗಿನೊಜೊ ಹೋದನಂತೆ ಕಣೋ."

ಹಾಗಿನೊಜೊ ಅಂದ್ರೆ ಒಂದು ಕಾಲದ ದೊಡ್ಡ ಸ್ತ್ರೀವೇಷದ ನಟ. ವಯಸ್ಸಾದ ಮೇಲೆ ಯಾರಿಗೂ ಬೇಡವಾಗಿ ಅದೇ ಓಣಿಯ ಬಾಡಿಗೆ ಕೋಣೆ ಸೇರಿದ್ದ. ಸತ್ತಿಲ್ಲ ಅಂತ ನನಗೆ ಗೊತ್ತಿತ್ತು... ಗೊತ್ತು ಅಂದ್ಕೊಂಡಿದ್ದೆ.

ಕಿಸಾಬುರೊ ನಗಲಿಲ್ಲ. "ಯಾವತ್ತು?"

"ಅದು ಗೊತ್ತಿಲ್ಲಪ್ಪ."

ನಟ ಸತ್ತರೆ ನಮ್ಮಲ್ಲಿ ಸಾವಿನ ಚಿತ್ರ ಬರೀತಾರೆ. ಮೂಲೆಯಲ್ಲಿ ಸತ್ತ ದಿನ ಹಾಕ್ತಾರೆ. ಇವನು ಮನೆಗೆ ಹೋದವನೇ ಅಳ್ತಾ ಕೂತು ಬರೆದ. ಮೂಲೆ ಖಾಲಿ. ದಿನ ವಿಚಾರಿಸಿ ಬರೋಣ ಅಂತ ಚಿತ್ರ ಸುತ್ತಿ, ಕುಂಚ ಸೊಂಟಕ್ಕೆ ಸಿಕ್ಕಿಸಿ, ಒಬ್ಬನೇ ಮತ್ತೆ ಬಾವಿ ಹತ್ರ ಬಂದ.

ಕಿರ್ರ್... ಕಿರ್ರ್... ರಾಟೆ. ಆಮೇಲೆ ತೊಟ್... ತೊಟ್...

ಹಾಗಿನೊಜೊ ನೀರು ಸೇದ್ತಿದ್ದ!

"ಏನಪ್ಪಾ ಅದು, ಬೆನ್ನ ಹಿಂದೆ?"

"ಕ್ಷಮಿಸಿ ಗುರುಗಳೇ... ಆ ಕತ್ತೆ ಮಾತು ಕೇಳಿ..."

ಕತ್ತೆ ಅಂದ್ರೆ ನಾನು.

ಮುದುಕ ಚಿತ್ರ ಬಿಚ್ಚಿ ಬಹಳ ಹೊತ್ತು ನೋಡಿದ. "ನನ್ನ ಕತ್ತು ಇನ್ನೂ ಸ್ವಲ್ಪ ಉದ್ದ ಇತ್ತು." ಆಮೇಲೆ ಪಿಸುಗುಟ್ಟಿದ, "ಯಾರಾದ್ರೂ ಅತ್ತರಾ?"

"ನಾನು ಅತ್ತೆ."

"ಒಬ್ಬನಾ... ಸಾಕು."

ಕುಂಚ ತಗೊಂಡು ಕೊಡದ ನೀರಲ್ಲಿ ಅದ್ದಿ, ಖಾಲಿ ಮೂಲೆಯಲ್ಲಿ 'ಏಳು' ಅಂತ ಬರೆದ.

"ಇವತ್ತು ಹತ್ತನೇ ತಾರೀಕು, ಗುರುಗಳೇ."

"ಗೊತ್ತು. ಮೂರು ದಿನ ಕಾದೆ."

ಬೆಳಿಗ್ಗೆ ಕಿಸಾಬುರೊ ನನ್ನ ಕಿವಿ ಹಿಡಿದು ಎಳ್ಕೊಂಡು ಹೋದ, ಮುದುಕನ ಕಾಲಿಗೆ ಬೀಳಿಸೋಕೆ. ಕೋಣೆ ಬಾಗಿಲ ಹೊರಗೆ ನಾಲ್ಕು ಬಟ್ಟಲು ಅನ್ನ, ಮೇಲೊಂದೊಂದು ಮೂಲಂಗಿ ಉಪ್ಪಿನಕಾಯಿ. ಯಾವುದನ್ನೂ ಮುಟ್ಟಿರಲಿಲ್ಲ.

"ಏಳನೇ ಸಂಜೆಯಿಂದ ಹೀಗೇ," ಅಂದಳು ಮನೆ ಒಡತಿ. "ಮುದುಕಪ್ಪನಿಗೆ ಮತ್ತೆ ಮುನಿಸು ಅಂದ್ಕೊಂಡೆ."

ಬಾಗಿಲು ಒಡೆದ್ವಿ. ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ತಣ್ಣಗೆ.

ಆ ಚಿತ್ರ ಈಗ ನನ್ನ ಹತ್ರ ಇದೆ. ಮಾರಲ್ಲ ಅಂದ ಕಿಸಾಬುರೊ. ನನ್ನ ಗೋಡೆಗೇ ಮೊಳೆ ಹೊಡೆದು ತೂಗುಹಾಕಿ ಹೋದ. ಹದಿನಾರು ಬೇಸಿಗೆ ಕಳೆದವು. ಮಸಿಯೆಲ್ಲ ಬೂದಿ ಬಣ್ಣಕ್ಕೆ ತಿರುಗಿದೆ. ನೀರಲ್ಲಿ ಬರೆದ ಆ ಏಳು ಮಾತ್ರ... ಈಗ ತಾನೇ ಮುಟ್ಟಿ ಬಂದೆ.

ಬೆರಳು ನೋಡಿ. ಒದ್ದೆ.