ಹರಕು ಟವೆಲ್ಲಿನ ಮೇಲೆ ಪಳಗಿದ ಕೈ

ಒಂದೂರಲ್ಲಿ ಒಬ್ಬಳು ಶ್ರೀಮಂತೆ ಇದ್ದಳು. ಎಷ್ಟು ಶ್ರೀಮಂತೆ? ಇಡೀ ಮನೆ ಜಾಲಾಡಿದರೂ ಒಂದು ಹಳೇ ಬಟ್ಟೆ ಸಿಗುತ್ತಿರಲಿಲ್ಲ, ಅಷ್ಟು. ನೋಡಿ, ಓಣಿಯಲ್ಲಿ "ಹಳೀ ಸೀರಿ ಕೊಡ್ರೀ, ಸ್ಟೀಲ್ ಡಬ್ಬಿ ತಗೋರೀ" ಎಂದು ಮೂಗಿನಲ್ಲೇ ರಾಗ ಎಳೆಯುತ್ತ ಬರುತ್ತಾಳಲ್ಲ, ಎಲ್ಲವೂ ಅವಳ ಬುಟ್ಟಿಗೆ ಹೋಗಿತ್ತು. ಮನೆ ತುಂಬ ಡಬ್ಬಿ. ದೊಡ್ಡ ಡಬ್ಬಿಯಲ್ಲಿ ಏನಿತ್ತು? ಸಣ್ಣ ಡಬ್ಬಿ. ಯಾಕ್ರೀ ನೀಲಗಂಗಮ್ಮ, ಮುಂದಿನ ಸಾಲಿನಲ್ಲೇ ಕೂತು ನಗ್ತೀರಿ? ನಾನು ನಿಮ್ಮ ಮನೆಗೆ ಬಂದೇ ಇಲ್ಲ.

ಈ ತಾಯಿಯ ಮಗಳು ಬಾಣಂತನಕ್ಕೆ ಬಂದಿದ್ದಳು. ಮದುವೆಯ ದಿನ ಬೀಗಿತ್ತಿ ಒಂದು ಮಾತು ಅಂದಿದ್ದಳು: "ನಿಮ್ಮ ಮನ್ಯಾಗ ಎಲ್ಲಾ ಅಂಗಡೀದ ಬಿಡ್ರಿ." ಅದು ಎದೆಯಲ್ಲಿ ಹಾಗೇ ಕೂತಿತ್ತು. ತೊಟ್ಟಿಲ ಕಾರ್ಯದ ದಿನ ಮೊಮ್ಮಗುವನ್ನು ತನ್ನ ಕೈಯಾರೆ ಹೊಲಿದ ಕೌದಿಯ ಮೇಲೆ ಮಲಗಿಸಬೇಕು, ಬೀಗಿತ್ತಿ ನೋಡಬೇಕು. ಅದಕ್ಕೆ ಹೊಲಿಗೆ ಮಷಿನ್ ಬಂತು. ಬಟ್ಟೆಯನ್ನು ಸೂಜಿಯ ಕೆಳಗೆ ಎರಡೂ ಕೈಯಿಂದ ಬೇಕಾದ ಕಡೆ ಜಾರಿಸುತ್ತ ಎಲೆ, ಬಳ್ಳಿ ಬಿಡಿಸುವ ಹೊಲಿಗೆ ಅದು. ಕೌದಿಯ ನಡುವೆ ಇಡಲು ಪಟ್ಟಣದಿಂದ ದುಬಾರಿ ಹತ್ತಿಯ ಪದರವೂ ಬಂತು. ಬಂದದ್ದು ನೇರ ಬೀರು ಸೇರಿತು.

ಪಕ್ಕದ ಮನೆಯಲ್ಲಿ ಒಬ್ಬಳು ಹೊಲಿಗೆಯವಳು. "ಅಕ್ಕಾರ, ಮೊದಲ ಕೈ ಕುಂದರಬೇಕ್ರಿ. ಹಳೀ ಟವೆಲ್ಲೋ ಹರಕು ಕಂಬಳೀನೋ ನಡುವ ಇಟ್ಟು ದಿನಾ ಗೀಚ್ರಿ."

"ಟವೆಲ್ಲಿನ ಮ್ಯಾಲ? ನಾನು?"

"ಹಂಗಾರ ಆ ಹತ್ತೀನರ ಹಾಕಿ ಕಲೀರಿ."

"ಅಯ್ಯ, ಕೆಟ್ರ?"

ನೋಡಿ, ಟವೆಲ್ ತನಗಿಂತ ಕೆಳಗಿನದು, ಹತ್ತಿ ಮುಟ್ಟಲಾರದಷ್ಟು ಮೇಲಿನದು. ಹಾಗಾದರೆ ಯಾವುದರ ಮೇಲೆ ಕಲಿತಳು? ನಡುವೆ ಏನನ್ನೂ ಇಡದೆ, ಬರೀ ತೆಳ್ಳನೆ ಹೊಸ ಬಟ್ಟೆಯ ಮೇಲೆ. ಒಂದು ತಿಂಗಳು. ಬಳ್ಳಿ ಸರಾಗ ಓಡಿತು. ಯಾಕೆ ಓಡುವುದಿಲ್ಲ? ತಡೆಯುವುದಕ್ಕೆ ಒಳಗೆ ಏನಿತ್ತು?

ತೊಟ್ಟಿಲಿಗೆ ಎಂಟು ದಿನ ಇರುವಾಗ ಹತ್ತಿ ಕತ್ತರಿಸಿ ಕೂತಳು. ದಪ್ಪ ಪದರ, ಜಾರಲಿಲ್ಲ. ಎಳೆದಳು. ಬಟ್ಟೆ ಮುದುಡಿತು, ಅಡಿಯಲ್ಲಿ ದಾರ ಗುಬ್ಬಿಗೂಡಾಯಿತು, ಸೂಜಿ ಮುರಿಯಿತು. ಅರ್ಧ ಹತ್ತಿ ಹಾಳು. ಕಣ್ಣಲ್ಲಿ ನೀರು. ಹೊಲಿಗೆಯವಳು ಬಂದು ನೋಡಿ ಒಂದೇ ಮಾತು ಅಂದಳು: "ಈಗರ ಟವೆಲ್ ತರ್ರಿ."

ಎಲ್ಲಿದೆ ಟವೆಲ್? ಡಬ್ಬಿ ಇದೆ. ಇಡೀ ಮನೆಯಲ್ಲಿ ಉಳಿದಿದ್ದ ಹಳೇ ಬಟ್ಟೆ ಒಂದೇ, ಅದು ಯಜಮಾನರ ಹೆಗಲ ಮೇಲಿತ್ತು.

"ಅದನ್ನ ಕೊಡ್ರಿಲ್ಲೆ."

"ಕೊಡಂಗಿಲ್ಲ. ಇಪ್ಪತ್ತ ವರ್ಷದ್ದು."

"ತೂತು ಬಿದ್ದಾವಲ್ರಿ!"

"ಗಾಳಿ ಆಡ್ತೈತಿ."

ಕೊಟ್ಟರು. ಕೊಡದೆ ಏನು ಮಾಡುತ್ತಾರೆ, ಊಟ ಇಲ್ಲೇ.

ಎರಡು ಬಟ್ಟೆಯ ನಡುವೆ ಆ ಟವೆಲ್ ಇಟ್ಟು ಕೂತಳು. ಮೊದಲ ದಿನ ಎಲೆ ಹೆಬ್ಬೆರಳಿನಂತೆ ಬಂತು. ಮೂರನೆಯ ದಿನ ಮೆಣಸಿನಕಾಯಿ. ಆರನೆಯ ದಿನ ಎಲೆ ಎಲೆಯಾಯಿತು. ಆಮೇಲೆ ಉಳಿದರ್ಧ ಹತ್ತಿ ತೆಗೆದಳು. ಕೌದಿ ಚಿಕ್ಕದೇ ಆಯಿತು, ಆದರೆ ಕೂಸೇನು ಆರಡಿ ಇರಲಿಲ್ಲ. ಬೀಗಿತ್ತಿ ಬಂದಳು. ಕೌದಿಯನ್ನು ಮಗುಚಿ ಅಡಿಯ ಹೊಲಿಗೆ ನೋಡಿದಳು. ಬಲ್ಲವರು ಅಡಿಯನ್ನೇ ನೋಡುವುದು. "ಯಾರು ಹೊಲದ್ರು? ಕೈ ಚಲೋ ಕುಂತೈತಿ."

ಈಗ ನಿಮ್ಮ ಕಡೆ ಬರೋಣ. ಗಾಬರಿ ಬೇಡಿ, ಹೊಲಿಸುವುದಿಲ್ಲ.

ತಾಳ್ಮೆಯನ್ನು ನೀವು ಎಲ್ಲಿಟ್ಟಿದ್ದೀರಿ? ಬೀರುವಿನಲ್ಲಿ. ದೊಡ್ಡ ಕಷ್ಟ ಬಂದಾಗ ತೆಗೆಯೋಣ ಎಂದು. ಇಲ್ಲಿ ಕೂತಾಗ ಎಲ್ಲರೂ ಶಾಂತಮೂರ್ತಿಗಳು. ಯಾಕಾಗಬಾರದು? ಫ್ಯಾನ್ ಇದೆ, ಮಾತಾಡುವವನು ನಾನು, ನಿಮ್ಮನ್ನು ತಡೆಯುವುದು ಏನೂ ಇಲ್ಲ. ಇದು ತೆಳು ಬಟ್ಟೆಯ ಮೇಲಿನ ಬಳ್ಳಿ. ನಾಳೆ ದೊಡ್ಡ ದುಃಖ ಬಂದು ಕೂತರೆ ಕೈ ಸರಾಗ ಓಡುತ್ತದೆಯೇ? ಓಡುವುದಿಲ್ಲ.

ಹರಕು ಟವೆಲ್ಲಿನಂಥ ಅಗ್ಗದ ಸಿಟ್ಟಿನ ಮೇಲೆ ತಾಳ್ಮೆಯನ್ನು ಪಳಗಿಸಿ. ಸೊಸೆ ಸಾರಿಗೆ ಉಪ್ಪು ಮರೆತಳು, ಒಂದು ಸಲ ಸುಮ್ಮನೆ ಉಣ್ಣಿ. ಎದುರು ಮನೆಯವನು ನಿಮ್ಮ ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸಿದ, ಮೆಲ್ಲಗೆ ಕರೆದು ಹೇಳಿ. ಮೊದಲ ದಿನ ಧ್ವನಿ ಸೊಟ್ಟಗೆ ಬಂದೀತು, ಬರಲಿ. ಸೊಟ್ಟಗಾದರೆ ಹಾಳಾಗುವ ದುಬಾರಿ ವಸ್ತು ಅಲ್ಲಿ ಏನೂ ಇಲ್ಲ.

ಯಾವಾಗ ಶುರು ಮಾಡಬೇಕು? ಇನ್ನು ಐದು ನಿಮಿಷಕ್ಕೆ ಎಲ್ಲರೂ ಒಮ್ಮೆಗೇ ಎದ್ದು ಬಾಗಿಲಿಗೆ ಹೋಗುತ್ತೀರಿ. ಚಪ್ಪಲಿ ಹುಡುಕುವಾಗ ಒಬ್ಬರು ನಿಮ್ಮ ಕಾಲು ತುಳಿಯುತ್ತಾರೆ. ಬಹುಶಃ ನಾನೇ.