ಕುಂಕುಮ ಇಟ್ಟ ಚಕ್ರ

ಒಂದು ಊರಿನಲ್ಲಿ ಒಬ್ಬ ಅನುಕೂಲಸ್ಥನಿದ್ದ. ಒಂದು ಬೆಳಿಗ್ಗೆ ಅವನ ಹೆಂಡತಿ ಮಗಳಿಗೆ ಜಡೆ ಹಾಕುತ್ತಾ ಕೂತಿದ್ದಳು. ಒಂದು ಜಡೆ ಮುಗಿದಿತ್ತು, ಇನ್ನೊಂದು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಹೊರಗೆ ಕಾರಿನ ಹಾರನ್. ಕಾರಿಗೆ ಹೊಸ ಚಕ್ರ ಹಾಕಿಸಲು ಹೊರಟಿದ್ದೇನೆ, ಮಗಳನ್ನೂ ಕಳಿಸು ಎಂದ ಗಂಡ. ಹುಡುಗಿ ಅರ್ಧ ಜಡೆಯಲ್ಲೇ ಓಡಿದಳು. ತಾಯಿ ಬಾಚಣಿಗೆ ಹಿಡಿದು ಗೇಟಿನವರೆಗೂ ಹೋಗಿ ಸುಮ್ಮನೆ ವಾಪಸಾದಳು. ನಗಬೇಡಿ ಅಕ್ಕತಂಗಿಯರೇ, ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ?

ಕಾರಿನ ಜೊತೆ ಬಂದ ಚಕ್ರಗಳು ಚೆನ್ನಾಗಿಯೇ ಇದ್ದವು. ಆದರೆ ಅವನಿಗೆ ಮಿಂಚುವ ಅಲಾಯ್ ಚಕ್ರ ಬೇಕೆನಿಸಿತು. ಬೇಕೆನಿಸುವುದು ತಪ್ಪಲ್ಲ. ನಾವು ರೇಷ್ಮೆ ಸೀರೆ ಬೇಕು ಎನ್ನುವುದಿಲ್ಲವೇ?

ಗ್ಯಾರೇಜಿನಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದ. ಹೊಸ ಚಕ್ರದ ನಡುವಿನ ತೂತು ಕೊಂಚ ದೊಡ್ಡದಿತ್ತು. ಅವನು ಅಳತೆ ನೋಡಿ, ತೆಳುವಾದ ಉಂಗುರ ಕೂರಿಸಿ ಆ ಸಂದು ತುಂಬಿದ. ಹಳೆಯ ನಟ್ಟುಗಳು ಇದಕ್ಕೆ ಒಗ್ಗುವುದಿಲ್ಲವೆಂದು ಬೇರೆ ತೆಗೆದ. ಅವನ್ನೂ ಸಾಲಾಗಿ ಬಿಗಿಯಲಿಲ್ಲ. ಒಂದನ್ನು ಸ್ವಲ್ಪ ಬಿಗಿದು, ಅದರ ಎದುರಿನದಕ್ಕೆ ಹೋಗಿ, ಮತ್ತೆ ಇತ್ತ ಬಂದು, ಮಗುವಿಗೆ ಅನ್ನ ಕಲಸುವಷ್ಟು ನಿಧಾನವಾಗಿ ಮಾಡಿದ. ಹುಡುಗಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದಳು. ಹೊರಡುವಾಗ ಅವನು ಹೇಳಿದ:

"ಸಾರ್, ನೂರು ಕಿಲೋಮೀಟ್ರು ಓಡ್ಸಿ ತಿರ್ಗಾ ಬನ್ನಿ. ಹೊಸ ಚಕ್ರ ಓಡ್ತಾ ಓಡ್ತಾ ಜಾಗ ಮಾಡ್ಕೊಳುತ್ತೆ, ನಟ್ಟು ಸಡಿಲ ಆಗ್ಬೋದು. ಇನ್ನೊಂದ್ಸಲ ಪಾನಾ ಹಾಕಿ ಬಿಗೀಲೇಬೇಕು."

ಮನೆಯಲ್ಲಿ ಅವನ ತಾಯಿ, ಹುಡುಗಿಯ ಅಜ್ಜಿ, ಆರತಿ ತಟ್ಟೆ ಹಿಡಿದು ಕಾದಿದ್ದರು. ನಾಲ್ಕೂ ಚಕ್ರಕ್ಕೆ ಹೂವು, ಒಂದೊಂದು ನಟ್ಟಿಗೂ ಅರಿಶಿನ ಕುಂಕುಮ. ಪೂಜೆ ಮುಗಿಸಿ, ಮನೆದೇವರಾದ ಬೆಟ್ಟದ ಅಮ್ಮನವರ ದರ್ಶನ ಆಗುವ ತನಕ ಇವಕ್ಕೆ ಯಾರೂ ಪಾನಾ ಮುಟ್ಟಿಸಕೂಡದು ಎಂದರು. ಮಗ ಕೂಡಲೇ ಒಪ್ಪಿದ. ನೋಡಿ, ಅಜ್ಜಿಯದು ನಿಜವಾದ ಭಕ್ತಿ. ಆದರೆ ಮಗನಿಗೆ? ಮಗನಿಗೆ ಅದು ಗ್ಯಾರೇಜಿಗೆ ಇನ್ನೊಂದು ಸಲ ಹೋಗದಿರಲು ಸಿಕ್ಕ ನೆಪ.

ಚಕ್ರ ತೋರಿಸಲು ಭಾವನ ಮನೆಗೆ ಹೋದ, ಗೆಳೆಯರ ಮನೆಗಳಿಗೆ ಹೋದ. ನೂರು ಕಿಲೋಮೀಟರ್ ಎಂದೋ ದಾಟಿತು. ಒಂದು ಶುಕ್ರವಾರ ಮನೆಯವರೆಲ್ಲ ಬೆಟ್ಟಕ್ಕೆ ಹೊರಟರು. ತಿರುವಿನ ರಸ್ತೆ. ಹಿಂದಿನ ಸೀಟಿನಲ್ಲಿದ್ದ ಹುಡುಗಿಗೆ ಕೆಳಗಿನಿಂದ ಕಟಕಟ ಎಂದು ಕೇಳಿಸಿತು. ಬಾಯಿ ತೆರೆದಳು. ಅಜ್ಜಿ ಅವಳ ತೊಡೆ ತಟ್ಟಿ ಮೆಲ್ಲಗೆ ಹೇಳಿದರು: "ದೇವ್ರಿಗೆ ಹೊರಟಾಗ ಅಡ್ಡ ಮಾತಾಡ್ಬಾರ್ದು ಕಂದ." ಶಬ್ದ ಹೆಚ್ಚಿತು. ತಾಯಿಗೂ ಕೇಳಿಸಿತು, ಗಂಡನ ಮುಖ ನೋಡಿ ಕಿಟಕಿಯತ್ತ ತಿರುಗಿದಳು. ಅವನ ಕೈಯಲ್ಲಿ ಸ್ಟೀರಿಂಗ್ ನಡುಗುತ್ತಿತ್ತು. ಅವನೇನು ಮಾಡಿದ ಗೊತ್ತೇ? ಭಜನೆಯ ವಾಲ್ಯೂಮ್ ಜೋರು ಮಾಡಿದ.

ಮುಂದೆ ಹೇಳುವ ಮೊದಲು ಇಲ್ಲೇ ಒಂದು ಕ್ಷಣ ನಿಲ್ಲುತ್ತೇನೆ. ನಿಮ್ಮ ಮುಖಗಳಲ್ಲಿ ಗಾಬರಿ ಕಾಣುತ್ತಿದೆ. ಹೆದರಬೇಡಿ, ಯಾರಿಗೂ ಏನೂ ಆಗಲಿಲ್ಲ. ಕಾರು ನಿಂತಿತು. ಅವನು ಇಳಿದು ಮುಟ್ಟಿದಾಗ ಎಡಗಡೆಯ ಮುಂಚಕ್ರದ ಮೂರು ನಟ್ಟುಗಳು ಬರಿಗೈಯಲ್ಲೇ ತಿರುಗಿದವು. ಕುಂಕುಮ ಮಾತ್ರ ಇಟ್ಟ ಹಾಗೇ ಇತ್ತು.

ನಾವು ಯಾವುದಕ್ಕೆಲ್ಲ ಒಂದು ಸಲ ಕುಂಕುಮವಿಟ್ಟು ಮತ್ತೆ ಮುಟ್ಟಿ ನೋಡಿಲ್ಲ? ಮಗಳ ಮದುವೆ ಮಾಡಿದೆವು, ಅಕ್ಷತೆ ಹಾಕಿದೆವು. ಆರು ತಿಂಗಳಾದ ಮೇಲೆ ಹೋಗಿ, ಹೇಗಿದ್ದೀಯಮ್ಮ ಎಂದು ಪಕ್ಕದಲ್ಲಿ ಕೂತು ಕೇಳಿದೆವೇ? ಸೊಸೆಯನ್ನು ಮನೆ ತುಂಬಿಸಿಕೊಂಡೆವು. ಅವಳಿಗೆ ಈ ಮನೆ ಹೊಂದಿತೇ ಎಂದು ವಿಚಾರಿಸಿದೆವೇ? ಆರತಿ ಎತ್ತಿದ್ದು ಆರಂಭ, ತಾಯಂದಿರೇ. ಆಮೇಲೆ ನೋಡಿಕೊಳ್ಳುವುದೂ ಪೂಜೆಯೇ. ಮನೆಗೆ ಹೋದವರೇ ಒಬ್ಬರಿಗಾದರೂ ಫೋನ್ ಮಾಡಿ. ನಾಳೆ ಬೆಳಿಗ್ಗೆ ಮಗು ಸೆರಗು ಎಳೆದರೆ ಸ್ಟವ್ ಸಣ್ಣ ಮಾಡಿ, ಕೈ ಒರೆಸಿಕೊಂಡು, ಅದರ ಎತ್ತರಕ್ಕೆ ಕೂತು ಕೇಳಿಸಿಕೊಳ್ಳಿ. ಹಾಲು ಉಕ್ಕಿದರೆ ಉಕ್ಕಲಿ.

ಆ ಕಾರು ನಿಂತದ್ದು ಹೇಗೆ ಎಂದು ಇನ್ನೂ ಹೇಳಲಿಲ್ಲ, ಅಲ್ಲವೇ? ಭಜನೆ ಜೋರಾಗಿತ್ತು. ಮುಂದೆ ದೊಡ್ಡ ತಿರುವು ಬರುತ್ತಿತ್ತು. ಹುಡುಗಿ ಅಜ್ಜಿಯ ಕೈಯನ್ನು ಮೆಲ್ಲಗೆ ಸರಿಸಿ, ಎದ್ದು ನಿಂತು, ಅಪ್ಪನ ಭುಜ ಹಿಡಿದಳು. ಅವನ ಕಿವಿಗೆ ಬಾಯಿಟ್ಟು ಕೇಳಿಯೇಬಿಟ್ಟಳು:

"ಅಪ್ಪಾ, ಒಂದೇ ಒಂದ್ಸಲ ಇಳ್ದು ಚಕ್ರ ಮುಟ್ಟಿ ನೋಡಿದ್ರೆ, ಅಮ್ನೋರು ಬೈತಾರಾ?"