ಒಂದೇ ಸಾಲಿನಲ್ಲಿ ಬಡಿಸಿದ ಹುಳಿ

ಅಲ್ಲ ಕಣೋ ಪುಟ್ಟ, ಕರೆಂಟ್ ಹೋದ ಮಾತ್ರಕ್ಕೆ ಹೀಗೆ ಮುಖ ಊದಿಸ್ಕೊಂಡು ಕೂತ್ರೆ ಹೇಗೆ? ಇನ್ನೇನು ಬರತ್ತೆ ಬಿಡು. ನೀನು ಹುಟ್ಟಿದ ಚಳಿಗಾಲದಲ್ಲಿ ಹೋಗಿತ್ತಲ್ಲ, ಅದು ಕರೆಂಟ್ ಹೋಗೋದು ಅಂದ್ರೆ! ನಾನು ನಿಮ್ಮಮ್ಮನ ಬಾಣಂತನಕ್ಕೆ ಅಂತ ಮೊದಲ್ನೇ ಸಲ ಈ ದೇಶಕ್ಕೆ ಬಂದಿದ್ದೆ. ಸೂಟ್‌ಕೇಸ್ ತುಂಬ ಹುಳಿಪುಡಿ, ಸಾಂಬ್ರಾಣಿ, ಬಾಣಂತಿ ಲೇಹ್ಯ. ಆಗ ನಿಮ್ಮನೆ ಯೋನ್‌ಶೋಪಿಂಗ್ ಊರಾಚೆ ಕಾಡಿನ ಪಕ್ಕದಲ್ಲಿತ್ತು. ನಿಮ್ಮಪ್ಪ ವಾರವಿಡೀ ಟೋರ್ಸ್‌ಲಾಂಡದ ಕಾರ್ ಫ್ಯಾಕ್ಟರೀಲಿ, ಶನಿವಾರ ಬರ್ತಿದ್ದ. ಒಂದಿನ ಗಾಳಿ ಶುರುವಾಯ್ತು ನೋಡು, ಬೆಳಗಾಗೋದ್ರೊಳಗೆ ಕಾಡಿಗೆ ಕಾಡೇ ಮಲಗಿತ್ತು. ರಸ್ತೆ ಮೇಲೆ ಮರ, ಕರೆಂಟ್ ತಂತಿ ಮೇಲೆ ಮರ. ಹೀಟರ್ ಇಲ್ಲ, ನೀರಿನ ಪಂಪ್ ಇಲ್ಲ, ನಿಮ್ಮಪ್ಪನೂ ಬರೋ ಹಾಗಿಲ್ಲ. ಹಸಿ ಬಾಣಂತಿ, ಕೈಯಲ್ಲಿ ನೀನು. ನಂಗೆ ಅಳುನೇ ಬಂದ್ಬಿಡ್ತು.

ಪಕ್ಕದ್ಮನೆ ಇಂಗರ್ ಅಜ್ಜಿ ಬಂದು ನಮ್ಮನ್ನ ಊರಿನ ಸಭಾಭವನಕ್ಕೆ ಕರ್ಕೊಂಡು ಹೋದ್ಳು. ಅಲ್ಲಿ ಸೌದೆ ಒಲೆ ಇತ್ತು, ಹಿಂದ್ಗಡೆ ಒಂದು ಪುಟ್ಟ ಕೋಣೆ, ಅದ್ರಲ್ಲಿ ನಿಮ್ಮಿಬ್ಬರನ್ನ ಮಲಗಿಸ್ದೆ. ಸುಮ್ನೆ ಕೂರೋ ಜಾತಿ ಅಲ್ವಲ್ಲ ನಾನು, ಅಡುಗೆಮನೆಗೆ ನುಗ್ಗಿದೆ. ಅವಳ ಆಲೂಗಡ್ಡೆ ಕ್ಯಾರೆಟ್ಟು, ನನ್ನ ಹುಳಿಪುಡಿ. ಮರ ಕಡಿಯೋಕೆ ಬಂದ ಜನ ಎಲ್ಲ ಅಲ್ಲೇ ಊಟ. ಹುಳಿಗೆ ಆ ಒಣ ರೊಟ್ಟಿ ಇದೆಯಲ್ಲ, ನೀನು ಬೆಣ್ಣೆ ಹಚ್ಕೊಂಡು ತಿಂತೀಯಲ್ಲ ಅದು, ಅದನ್ನ ಮುರಿದು ಹಾಕ್ಕೊಂಡು, ಮೂಗಲ್ಲಿ ನೀರು ಸುರಿಸ್ಕೊಂಡು ತಿಂತಿದ್ರು ಪಾಪ. ಏನೋ ಹೇಳೋಕ್ ಹೋಗಿ ಎಲ್ಲಿಗೋ ಹೋದೆ. ಹಾಂ, ಹೊರಗಡೆ ಒಂದು ವ್ಯಾನ್ ನಿಂತಿರ್ತಿತ್ತು. ಅದ್ರಲ್ಲೂ ಮರ ಕಡಿಯೋರೇ ಇದ್ರು, ಆದ್ರೆ ಒಳಗೆ ಬರ್ತಿರ್ಲಿಲ್ಲ. ತಣ್ಣಗಿನ ಬ್ರೆಡ್ ತಿಂದು ಮತ್ತೆ ಕಾಡಿಗೆ. ಯಾಕೆ ಅಂತ ಇಂಗರ್‌ನ ಕೇಳಿದ್ರೆ, ಅವರು ಜೈಲಿನೋರು, ಕೆಲಸಕ್ಕೆ ಕರ್ಕೊಂಡು ಬಂದಿದಾರೆ, ಕೂಲಿ ಅಂದ್ರೆ ಒಂದು ಕಪ್ ಕಾಫಿಗೂ ಸಾಲಲ್ಲ, ಅಂದ್ಳು. ನಂಗೂ ಎದೆ ಝಲ್ ಅಂತು, ಸುಳ್ಳು ಯಾಕೆ ಹೇಳ್ಲಿ, ಒಳಗೆ ಹಸುಗೂಸು ಇದೆಯಲ್ಲ ಅಂತ. ಆದ್ರೆ ಹಿಮದಲ್ಲಿ ಅದೇ ಮರ ಕಡ್ದು ಬಂದೋರು, ಇವರಿಗೆ ಬಿಸಿ ಹುಳಿ, ಅವರಿಗೆ ಒಣ ಬ್ರೆಡ್ಡು. ಇದು ಪಂಕ್ತಿಭೇದ ಅಲ್ದೆ ಇನ್ನೇನು? ನಮ್ಮನೇಲಿ ಮದುವೆ ಮುಂಜೀಲಿ ಯಾರಾದ್ರೂ ಹಾಗೆ ಬಡಿಸಿದ್ರೆ ನಮ್ಮಮ್ಮ ಸೌಟು ಕಿತ್ಕೋತಿದ್ಳು. ಅವರ ಕಾವಲಿಗೆ ಬಂದಿದ್ದ ಹುಡುಗಿಗೆ ನನ್ನ ಸ್ಕೂಲ್ ಟೀಚರ್ ಇಂಗ್ಲಿಷಲ್ಲಿ ಹೇಳ್ದೆ, ಎಲ್ಲರೂ ಒಳಗೆ ಬಂದು ಕೂತ್ರೆ ಮಾತ್ರ ನಾನು ಬಡಿಸೋದು ಅಂತ. ಅವಳು ಸ್ವಲ್ಪ ಯೋಚನೆ ಮಾಡಿ ಕರ್ಕೊಂಡು ಬಂದ್ಳು.

ಒಂದೇ ಸಾಲಲ್ಲಿ ಕೂರಿಸ್ದೆ. ಬಡಿಸೋರ ಕಣ್ಣು ಗೊತ್ತಲ್ಲ, ಸಾಲುದ್ದಕ್ಕೂ ಯಾರಿಗೆ ಏನು ಬಿದ್ದಿಲ್ಲ ಅಂತಾನೇ ನೋಡ್ತಿರತ್ತೆ. ಹಾಗೆ ನೋಡ್ತಾ ಹೋದಾಗ ಕಂಡಿದ್ದು: ಸಂಬಳಕ್ಕೆ ಮರ ಕಡಿಯೋರ ಪ್ಯಾಂಟು ಹಾಸಿಗೆ ಥರ ದಪ್ಪ, ಜೈಲಿನೋರದ್ದು ತೆಳ್ಳಗೆ, ಮಾಮೂಲಿ ಬಟ್ಟೆ. ಕೇಳಿದ್ರೆ, ದಪ್ಪ ಪ್ಯಾಂಟ್ ಒಳಗೆ ನೂಲಿನ ಪದರ ಇರತ್ತಂತೆ, ಯಂತ್ರದ ಗರಗಸ ಕಾಲಿಗೆ ತಾಗಿದ್ರೆ ಆ ನೂಲು ಸುತ್ಕೊಂಡು ಗರಗಸನೇ ನಿಂತೋಗತ್ತಂತೆ. ತೆಳ್ಳಗಿನದ್ದಾದ್ರೆ ಕಾಲೇ ಹೋಯ್ತು. ಇವರಿಗೆ ಯಾಕಿಲ್ಲ ಅಂತ ಗುತ್ತಿಗೆ ಮೇಸ್ತ್ರಿನ ಕೇಳ್ದೆ. ಅವನು ಸಮಾಧಾನವಾಗೇ ಹೇಳ್ದ. ಸಿಕ್ಕಿದ ಪ್ಯಾಂಟೆಲ್ಲ ಸಂಬಳದೋರಿಗೆ ಆಯ್ತು. ನಿಮ್ಮನೆ ಕಡೆ ಕರೆಂಟ್ ಲೈನ್ ಮೇಲೆ ಮರಗಳು ಬಿಲ್ಲಿನ ಥರ ಬಗ್ಗಿ ನಿಂತಿವೆ, ಕಡಿದ್ರೆ ಚಿಮ್ಮಿ ಕಡಿದೋರಿಗೇ ಬಡಿಯತ್ತೆ, ಅದಕ್ಕೆ ಸಂಬಳದೋರು ದೊಡ್ಡ ಯಂತ್ರ ಬರೋ ತನಕ ಮುಟ್ಟಲ್ಲ ಅಂದಿದಾರೆ. ಜೈಲಿನೋರು ನಾಳೆನೇ ಕಡೀತಾರೆ, ಅವರಾಗೇ ಒಪ್ಪಿದಾರೆ ಅಂದ. ಆಮೇಲೆ ಹಿಂದಿನ ಕೋಣೆ ಕಡೆ ನೋಡಿ, "ನಿಮ್ಮ ಮಗು ಬೆಚ್ಚಗಿರ್ಲಿ ಅಂತಾನೇ ಅಲ್ವಾ?" ಅಂದ.

ನೀನು ಬೇರೆ ಆಗ್ಲೇ ಕುಂಯ್ ಅನ್ನೋಕೆ ಶುರು ಮಾಡ್ದೆ. ನಿಮ್ಮಮ್ಮಂಗೆ ಒಂದು ನೆಟ್ಟಗಿನ ಬಿಸಿನೀರಿನ ಸ್ನಾನ ಇಲ್ಲ. ನಾಳೆ ಕರೆಂಟ್ ಬಂದ್ರೆ ಸಾಕಪ್ಪಾ ಅಂತ ಬೆಳಗ್ಗೆ ತಾನೇ ದೇವರಿಗೆ ಕೈ ಮುಗ್ದಿದ್ದೆ. ಜೈಲಿನೋರಲ್ಲಿ ಕೆಂಟ್ ಅಂತ ಒಬ್ಬ, ಕೆಂಪು ಗಡ್ಡ, ನಗ್ತಾ ಹೇಳ್ದ, ನಾನು ಹೋಗ್ತೀನಮ್ಮ, ನಾಲ್ಕು ಗೋಡೆ ಮಧ್ಯೆ ಕೂರೋದಕ್ಕಿಂತ ಕಾಡು ವಾಸಿ ಅಂತ. ನಿಜವಾಗ್ಲೂ ಖುಷಿಯಾಗಿದ್ದ ಅವನು. ನಾನು ಸೌಟು ಹಿಡ್ಕೊಂಡೇ ಕೇಳ್ದೆ, "ನಿಂಗೆ ಬೇಡ ಅನ್ಬೇಕು ಅನ್ಸಿದ್ರೆ, ಅನ್ನೋಕಾಗತ್ತಾ?"

ಅವನು ಕಾವಲಿನ ಹುಡುಗೀನ ಒಂದ್ಸಲ ನೋಡ್ದ, ತಟ್ಟೆ ನೋಡ್ದ, ರೊಟ್ಟಿ ಮುರೀತಾ ಕೂತ. ಆಗ ಹಿಂದಿನ ಕೋಣೆ ಬಾಗಿಲಲ್ಲಿ ನಿಮ್ಮಮ್ಮ, ನಿನ್ನ ಎತ್ಕೊಂಡು ನಿಂತಿದ್ಳು, ಅವಳು ಇಂಗ್ಲಿಷಲ್ಲೇ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ಳು: "ನಮ್ಮ ಹೆಸರು ಹೇಳಿ ಯಾರನ್ನೂ ಕಳಿಸ್ಬೇಡಿ. ಯಂತ್ರ ಬರೋ ತನಕ ನಾವು ಇಲ್ಲೇ ಇರ್ತೀವಿ." ಹೆಮ್ಮೆ ಆಯ್ತು ಕಣೋ ನಂಗೆ, ಕಣ್ಣಲ್ಲಿ ನೀರು ಬಂತು. ಕಾವಲಿನ ಹುಡುಗಿ ಎದ್ದು ನಿಂತು, ಆ ಪ್ಯಾಂಟ್ ಬರೋವರೆಗೂ ನನ್ನ ಜನ ಗರಗಸ ಮುಟ್ಟಲ್ಲ ಅಂದ್ಬಿಟ್ಳು. ಮೇಸ್ತ್ರಿ ಗೊಣಗ್ದ. ಗೊಣಗ್ಲಿ, ಅವನಿಗೂ ಬಿಸಿ ಹುಳಿ ಇನ್ನೊಂದು ಸೌಟು ಹಾಕ್ದೆ.

ಆಮೇಲೆ ಏನಾಯ್ತು ಅಂತೀಯಾ? ಏನೂ ಆಗ್ಲಿಲ್ಲ. ನಾವು ಅಲ್ಲೇ ಇದ್ವಿ, ಒಲೆ ಮೇಲೆ ನೀರು ಕಾಯಿಸಿ, ಕೋಣೇಲೇ ನಿಂಗೆ ಎರೆದು, ಸಾಂಬ್ರಾಣಿ ಹಾಕಿದ್ರೆ ಬೆಂಕಿ ಬಿತ್ತು ಅಂತ ಇಂಗರ್ ಬಕೆಟ್ ತಂದ್ಳು. ಪ್ಯಾಂಟ್ ಬಂತು, ಯಂತ್ರ ಬಂತು, ಮರ ಎತ್ತಿದ್ರು. ಜೈಲಿನೋರ ಕೂಲಿ ಮಾತ್ರ ಅಷ್ಟೇ ಉಳೀತು, ಅದನ್ನ ನನ್ನ ಸೌಟಿಂದ ಜಾಸ್ತಿ ಮಾಡೋಕಾಗ್ಲಿಲ್ಲ, ಅದೊಂದು ಈಗ್ಲೂ ಚುಚ್ಚತ್ತೆ. ಹೋಗೋ ದಿನ ಕೆಂಟ್ ಬಾಗಿಲಲ್ಲಿ ನಿಂತು ನಿನ್ನ ನೋಡ್ದ. ದಪ್ಪ ಪ್ಯಾಂಟಿನ ಎರಡು ಕಾಲ ಮೇಲೂ ನೆಟ್ಟಗೆ ನಿಂತಿದ್ದ, ನಂಗೆ ಅಷ್ಟು ಸಾಕಾಯ್ತು.

ಊಟಕ್ಕೆ ಒಂದೇ ಸಾಲಲ್ಲಿ ಕೂರಿಸಿ, ಅಪಾಯಕ್ಕೆ ಮಾತ್ರ ಬೇರೆ ಸಾಲು ಮಾಡ್ಬಾರದು ಕಣೋ, ಅಷ್ಟೇ. ಏಳು, ಟಾರ್ಚ್ ಹಿಡಿ, ತಟ್ಟೆ ಹಾಕೋಣ.